ಟೇಪ್ ಡ್ರೈವ್ ನಿಧಾನ ಅಲ್ಲ, ಅದಕ್ಕೆ ಹಸಿವು!

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

 

ಇವತ್ತು ಟೇಪ್ ಬಗ್ಗೆ ಮಾತಾಡೋಣ. ಹೌದು, ಟೇಪೇ. ಅಪ್ಪ ಅಮ್ಮನ ಕಾಲದಲ್ಲಿ ಹಾಡು ಕೇಳೋಕೆ ಕ್ಯಾಸೆಟ್ ಇತ್ತಲ್ಲ, ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದರಲ್ಲ, ಅದರ ದೊಡ್ಡ ಅಣ್ಣ. ‘ಅದೆಲ್ಲ ಈಗ ಎಲ್ಲಿದೆ?’ ಅಂತ ನೀವು ಕೇಳಬಹುದು. ಇದೆ. ನೀವು ದಿನಾ ಬಳಸೋ ಸೇವೆಗಳ ಹಿಂದೇನೇ ಇದೆ.

ಒಂದು ಉದಾಹರಣೆ ಹೇಳ್ತೀನಿ. 2011ರ ಫೆಬ್ರುವರಿ ಕೊನೆಯಲ್ಲಿ ಕೆಲವರು ಜಿಮೇಲ್ ತೆರೆದು ನೋಡಿದರೆ ಇನ್‌ಬಾಕ್ಸ್ ಖಾಲಿ. ವರ್ಷಗಟ್ಟಲೆ ಕೂಡಿಟ್ಟ ಮೇಲ್‌ಗಳು ಮಾಯ. ಸ್ಟೋರೇಜ್ ಸಾಫ್ಟ್‌ವೇರ್‌ನ ಹೊಸ ಅಪ್‌ಡೇಟ್‌ನಲ್ಲಿ ಒಂದು ದೋಷ ಸೇರಿಕೊಂಡಿತ್ತು. ತೊಂದರೆ ಆಗಿದ್ದು ಒಟ್ಟು ಬಳಕೆದಾರರಲ್ಲಿ ಶೇ 0.02ರಷ್ಟು ಜನಕ್ಕೆ ಮಾತ್ರ. ಆದರೂ ಗೂಗಲ್ ಅಂಥ ಕಂಪನಿ ಬೇರೆ ಬೇರೆ ಡೇಟಾ ಸೆಂಟರ್‌ಗಳಲ್ಲಿ ಇಟ್ಟಿದ್ದ ಪ್ರತಿಗಳಿಗೂ ಆ ದೋಷ ತಟ್ಟಿತ್ತು. ಕೊನೆಗೆ ಆ ಮೇಲ್‌ಗಳನ್ನ ವಾಪಸ್ ತಂದದ್ದು ಎಲ್ಲಿಂದ ಗೊತ್ತಾ? ಟೇಪ್‌ನಿಂದ. ಯಾಕಂದ್ರೆ ಟೇಪ್ ಆಫ್‌ಲೈನ್ ಇರುತ್ತೆ. ಯಾವ ಸಾಫ್ಟ್‌ವೇರ್ ಕೆಟ್ಟರೂ ಕಪಾಟಿನಲ್ಲಿ ಇಟ್ಟಿರೋ ಟೇಪನ್ನ ಮುಟ್ಟೋಕಾಗಲ್ಲ. ಇವತ್ತಿನ ರ‍್ಯಾನ್ಸಮ್‌ವೇರ್ ಕಾಲದಲ್ಲಿ ಆ ಗುಣಕ್ಕೆ ಬೆಲೆ ಇನ್ನೂ ಜಾಸ್ತಿ.

ಜಿನೀವಾ ಹತ್ತಿರದ ಸೆರ್ನ್ ಪ್ರಯೋಗಾಲಯ 2017ರಲ್ಲೇ 200 ಪೆಟಾಬೈಟ್ ಡೇಟಾವನ್ನ ಟೇಪ್ ಲೈಬ್ರರಿಗಳಲ್ಲಿ ಇಟ್ಟಿತ್ತು. ಅಂದ್ರೆ ಟೇಪ್ ಸತ್ತಿಲ್ಲ. ಅದು ಕಣ್ಣಿಗೆ ಬೀಳೋದಿಲ್ಲ, ಅಷ್ಟೇ.

ನನ್ನ ಕೆಲಸ ಇದೇ. ಬೆಂಗಳೂರಿನಲ್ಲಿ ಕೂತು ಬೇರೆ ಬೇರೆ ಸಂಸ್ಥೆಗಳ ಬ್ಯಾಕಪ್ ನೋಡ್ಕೊಳ್ಳೋದು. ಇವತ್ತು ಹೇಳೋದು ನಾನು ಮಾಡಿದ ಒಂದು ತಪ್ಪಿನ ಕಥೆ. ಅದರ ಜೊತೆಗೆ, ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಟೇಪ್ ಡ್ರೈವ್ ಓಡಬೇಕಾದ ವೇಗದಲ್ಲಿ ಓಡೋ ಹಾಗೆ ಮಾಡೋದು ಹೇಗೆ ಅಂತಾನೂ ಹೇಳ್ತೀನಿ.

ಬೆಂಗಳೂರಿಂದ ಚಿತ್ರದುರ್ಗದವರೆಗೆ ಒಂದು ಟೇಪ್

ಮೊದಲು ಯಂತ್ರದ ಪರಿಚಯ ಮಾಡ್ಕೊಳ್ಳೋಣ. ಇವತ್ತು ಹೆಚ್ಚಾಗಿ ಬಳಸೋ ಟೇಪ್‌ಗೆ ಎಲ್‌ಟಿಒ ಅಂತ ಹೆಸರು. ಇದರ ಮೊದಲ ಪೀಳಿಗೆ 2000ದಲ್ಲಿ ಬಂತು. ಆಗ ಒಂದು ಟೇಪಿಗೆ ಹಿಡಿಸ್ತಿದ್ದದ್ದು 100 ಜಿಬಿ. 2017ರಲ್ಲಿ ಬಂದ ಎಲ್‌ಟಿಒ-8ಕ್ಕೆ 12 ಟಿಬಿ ಹಿಡಿಸುತ್ತೆ, ಪೂರ್ತಿ ಎತ್ತರದ ಡ್ರೈವ್ ಆದ್ರೆ ಸೆಕೆಂಡಿಗೆ 360 ಎಂಬಿ ಬರೆಯುತ್ತೆ. 2021ರ ಎಲ್‌ಟಿಒ-9 ಆದ್ರೆ 18 ಟಿಬಿ, ಸೆಕೆಂಡಿಗೆ 400 ಎಂಬಿ. ಇದು ಕಂಪ್ರೆಷನ್ ಸೇರಿಸದ ಲೆಕ್ಕ.

ಎಲ್‌ಟಿಒ-8ರ ಟೇಪ್ ಅರ್ಧ ಇಂಚು ಅಗಲ, 960 ಮೀಟರ್ ಉದ್ದ. ಒಂದೇ ಸಲಕ್ಕೆ 32 ಸಾಲುಗಳಲ್ಲಿ ಬರೀತಾ ಈ ತುದಿಯಿಂದ ಆ ತುದಿಗೆ ಹೋಗುತ್ತೆ, ಅಲ್ಲಿಂದ ವಾಪಸ್ ಬರುತ್ತೆ. ಹೀಗೆ 208 ಸಲ. ಗುಣಿಸಿ ನೋಡಿ, ಸುಮಾರು 200 ಕಿಲೋಮೀಟರ್ ಆಗುತ್ತೆ. ಬೆಂಗಳೂರಿಂದ ಚಿತ್ರದುರ್ಗಕ್ಕೆ ಹೋದಷ್ಟು ದೂರ! ಪೂರ್ಣ ವೇಗದಲ್ಲಿ ಓಡಿದರೆ ಒಂಬತ್ತೂಕಾಲು ಗಂಟೆಯಲ್ಲಿ ಟೇಪ್ ತುಂಬುತ್ತೆ. ಅಂದ್ರೆ ಟೇಪ್ ಸೆಕೆಂಡಿಗೆ ಹೆಚ್ಚುಕಡಿಮೆ 6 ಮೀಟರ್ ಓಡ್ತಾ ಇರುತ್ತೆ.

ಈಗ ಮುಖ್ಯವಾದ ಮಾತು. ಅಷ್ಟು ಜೋರಾಗಿ ಓಡೋ ಟೇಪಿಗೆ ಬರೆಯೋಕೆ ಡೇಟಾ ಬರದೇ ಹೋದರೆ ಏನಾಗುತ್ತೆ?

ಕೆಎಸ್‌ಆರ್‌ಟಿಸಿ ಎಕ್ಸ್‌ಪ್ರೆಸ್ ಬಸ್ ಜೋರಾಗಿ ಬರ್ತಾ ಇದೆ ಅಂದ್ಕೊಳ್ಳಿ. ಸ್ಟಾಪ್‌ನಲ್ಲಿ ಯಾರೋ ಕೊನೇ ಕ್ಷಣದಲ್ಲಿ ಕೈ ಅಡ್ಡ ಹಾಕ್ತಾರೆ. ಬಸ್ ಅಲ್ಲೇ ನಿಲ್ಲುತ್ತಾ? ಇಲ್ಲ. ಮುಂದೆ ಹೋಗಿ ನಿಲ್ಲುತ್ತೆ. ಕಂಡಕ್ಟರ್ ‘ಹಿಂದೆ, ಹಿಂದೆ’ ಅಂತ ಕೂಗ್ತಾರೆ, ಬಸ್ ರಿವರ್ಸ್ ಬಂದು, ಜನರನ್ನ ಹತ್ತಿಸಿಕೊಂಡು, ಮತ್ತೆ ಮೊದಲನೇ ಗೇರ್‌ನಿಂದ ಶುರು ಮಾಡಬೇಕು. ಟೇಪ್ ಡ್ರೈವ್ ಕಥೆನೂ ಇದೇ. ಡೇಟಾ ಖಾಲಿಯಾದ ಕೂಡಲೇ ಅದು ನಿಲ್ಲೋ ಹೊತ್ತಿಗೆ ಟೇಪ್ ಮುಂದೆ ಹೋಗಿರುತ್ತೆ. ಹಿಂದೆ ಸುತ್ತಿ, ಬರೆದು ನಿಲ್ಲಿಸಿದ ಜಾಗ ಹುಡುಕಿ, ಮತ್ತೆ ವೇಗ ಹಿಡಿಯಬೇಕು. ಇದು ಒಂದು ಸಲ ಆದ್ರೆ ಪರವಾಗಿಲ್ಲ. ರಾತ್ರಿಯಿಡೀ ಕೆಲವೇ ಸೆಕೆಂಡಿಗೊಮ್ಮೆ ಆದ್ರೆ? ಟೇಪ್ ಹಿಂದೆ ಮುಂದೆ, ಹಿಂದೆ ಮುಂದೆ. ಬೂಟ್ ಪಾಲಿಶ್ ಮಾಡೋರು ಬಟ್ಟೆ ಎಳೆದ ಹಾಗೆ. ಅದಕ್ಕೇ ಈ ಕ್ಷೇತ್ರದಲ್ಲಿ ಇದನ್ನ ‘ಶೂ ಶೈನಿಂಗ್’ ಅಂತಾರೆ. ಸಮಯ ಹಾಳು, ಟೇಪೂ ಸವೆಯುತ್ತೆ, ಹೆಡ್ಡೂ ಸವೆಯುತ್ತೆ.

ಡ್ರೈವ್ ಮಾಡೋರಿಗೆ ಇದು ಗೊತ್ತಿರೋದ್ರಿಂದ ಡೇಟಾ ನಿಧಾನವಾಗಿ ಬಂದ್ರೆ ಟೇಪ್ ಕೂಡ ನಿಧಾನವಾಗಿ ಓಡೋ ಹಾಗೆ ಮಾಡಿದ್ದಾರೆ. ಆದರೆ ಅದಕ್ಕೂ ಒಂದು ಕನಿಷ್ಠ ಮಿತಿ ಇದೆ. ಅದು ಮಾದರಿಯಿಂದ ಮಾದರಿಗೆ ಬದಲಾಗುತ್ತೆ. ನಾನು ನೋಡ್ಕೊಳ್ತಿದ್ದ ಎಲ್‌ಟಿಒ-8 ಡ್ರೈವ್‌ಗೆ ಅದು ಸೆಕೆಂಡಿಗೆ 112 ಎಂಬಿ. ಅದಕ್ಕಿಂತ ಕಡಿಮೆ ಕೊಟ್ಟರೆ ಶೂ ಶೈನಿಂಗ್ ಶುರು. ಈ 112 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

42 ಗಂಟೆಯ ಕೆಲಸ, 32 ಗಂಟೆಯ ಸಮಯ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಒಂದು ಆಸ್ಪತ್ರೆಯ ಬ್ಯಾಕಪ್ ನನ್ನ ಜವಾಬ್ದಾರಿಯಲ್ಲಿತ್ತು. ನಾಲ್ಕು ಸರ್ವರ್, ಒಟ್ಟು 9 ಟಿಬಿ ಡೇಟಾ. ಶನಿವಾರ ರಾತ್ರಿ 10ಕ್ಕೆ ಶುರು ಮಾಡಿ ಸೋಮವಾರ ಬೆಳಿಗ್ಗೆ 6ರೊಳಗೆ ಫುಲ್ ಬ್ಯಾಕಪ್ ಮುಗಿಸಬೇಕು. ಅಂದ್ರೆ 32 ಗಂಟೆ. ಅಷ್ಟರಲ್ಲಿ ಮುಗಿಯದಿದ್ದರೆ ಕೆಲಸ ತಾನಾಗೇ ರದ್ದಾಗ್ತಿತ್ತು. ಯಾಕಂದ್ರೆ ಸೋಮವಾರ ಬೆಳಿಗ್ಗೆ ಹೊರರೋಗಿ ವಿಭಾಗದಲ್ಲಿ ಸಾಲು ನಿಂತಿರುತ್ತೆ, ಸರ್ವರ್ ಮೇಲೆ ಭಾರ ಹಾಕೋ ಹಾಗಿಲ್ಲ.

ಮೊದಮೊದಲು ಕಷ್ಟಪಟ್ಟು ಮುಗೀತಿತ್ತು. ಡೇಟಾ ಬೆಳೀತಾ ಹೋಯ್ತು, ವೇಗ ಮಾತ್ರ ಸರಾಸರಿ 60 ಎಂಬಿ ದಾಟಲಿಲ್ಲ. ಲೆಕ್ಕ ಹಾಕಿ: 9 ಟಿಬಿಯನ್ನ ಸೆಕೆಂಡಿಗೆ 60 ಎಂಬಿಯಂತೆ ಬರೆಯೋಕೆ ಸುಮಾರು 42 ಗಂಟೆ ಬೇಕು. ಇದ್ದದ್ದು 32.

360ರ ಡ್ರೈವ್ 60 ಕೊಡ್ತಾ ಇದೆ ಅಂದ್ರೆ ಡ್ರೈವ್ ಕೆಟ್ಟಿದೆ ಅಂತಲೇ ಅರ್ಥ ಅಂದ್ಕೊಂಡೆ. ಟಿಕೆಟ್ ಹಾಕಿದೆ, ಹಠ ಮಾಡಿದೆ, ಹೊಸ ಡ್ರೈವ್ ಬಂತು. ಆ ಆಸ್ಪತ್ರೆಯವರು ದುಡ್ಡು ಕೊಟ್ಟರು. ಹೊಸ ಡ್ರೈವ್ ಎಷ್ಟು ಕೊಡ್ತು ಅಂತೀರಾ? 60! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಾನೇ ಬದಲಾಯಿಸಿಬಿಟ್ಟಿದ್ದೆ.

ಆಮೇಲೆ ಸತತ ಎರಡು ಶನಿವಾರ ಬ್ಯಾಕಪ್ ಅರ್ಧಕ್ಕೆ ನಿಂತಿತು. ‘ಮುಕ್ಕಾಲು ಭಾಗ ಆಗಿದೆಯಲ್ಲ’ ಅಂತ ನನಗೆ ನಾನೇ ಸಮಾಧಾನ ಮಾಡ್ಕೊಂಡೆ, ವರದಿಯಲ್ಲಿ ‘ಭಾಗಶಃ ಪೂರ್ಣ’ ಅಂತ ಬರೆದೆ. ಒಂದು ವಿಷಯ ಗಮನಿಸಲೇ ಇಲ್ಲ. ಸರ್ವರ್‌ಗಳು ಒಂದಾದ ಮೇಲೊಂದು ಸರದಿಯಲ್ಲಿ ನಡೀತಿದ್ವು. ಪ್ರತಿ ಸಲ ತುಂಡಾಗ್ತಾ ಇದ್ದದ್ದು ಸಾಲಿನ ಕೊನೆಯ ಸರ್ವರ್. ಅದರಲ್ಲಿ ಇದ್ದದ್ದು ರೋಗಿಗಳ ಸ್ಕ್ಯಾನ್ ಚಿತ್ರಗಳು. ದಿನದ ಚಿಕ್ಕ ಬ್ಯಾಕಪ್‌ಗಳಲ್ಲೂ ಅದೇ ಕೊನೇದು, ಅವೂ ರಾತ್ರಿ ಸಮಯ ಸಾಲದೆ ನಿಲ್ತಾ ಇದ್ವು.

ಮೂರನೇ ವಾರದ ಬುಧವಾರ ಆ ಸರ್ವರ್‌ನ ಡಿಸ್ಕ್‌ಗಳು ಕೈಕೊಟ್ಟವು. ಅದೇ ಸರ್ವರ್. ಅದರ ಕೊನೆಯ ಪೂರ್ತಿ ಬ್ಯಾಕಪ್‌ಗೆ ಆಗ 17 ದಿನ ವಯಸ್ಸು.

ಹಳೆಯದೆಲ್ಲ ಟೇಪ್‌ನಿಂದ ವಾಪಸ್ ಬಂತು. ಈ 17 ದಿನದ ಚಿತ್ರಗಳಲ್ಲಿ ಬಹುಪಾಲು ಸ್ಕ್ಯಾನ್ ಯಂತ್ರಗಳ ಒಳಗೇ ಉಳಿದಿದ್ದವು, ಅಲ್ಲಿಂದ ತೆಗೆದುಕೊಂಡ್ವಿ. ಎಲ್ಲವೂ ಸಿಗಲಿಲ್ಲ. ಮರುದಿನ ನಾನು ಆಸ್ಪತ್ರೆಯಲ್ಲೇ ಇದ್ದೆ. ಸ್ಕ್ಯಾನ್ ವಿಭಾಗದ ಕೌಂಟರ್ ಮುಂದೆ ಒಬ್ಬ ಅಜ್ಜಿ, ಜೊತೆಗೆ ಮಗ. ಹಿರಿಯೂರಿಂದ ಬೆಳಗಿನ ಜಾವದ ಬಸ್ ಹತ್ತಿ ಬಂದಿದ್ದರು. ‘ಹತ್ತು ದಿನದ ಹಿಂದೆ ಮಾಡಿಸಿದ್ವಲ್ಲ ಮೇಡಂ, ಡಾಕ್ಟ್ರು ಇವತ್ತು ಅದನ್ನೇ ನೋಡ್ತೀನಿ ಅಂದಿದ್ರು’ ಅಂತ ಮಗ ಕೇಳ್ತಾ ಇದ್ದರು. ಕೌಂಟರ್‌ನಲ್ಲಿದ್ದವರು ‘ಸಿಸ್ಟಮ್ ಪ್ರಾಬ್ಲಂ ಸರ್, ಇನ್ನೊಂದ್ಸಲ ಮಾಡಿಸಬೇಕಾಗುತ್ತೆ, ದುಡ್ಡು ಕೊಡೋದು ಬೇಡ’ ಅಂದರು. ಅಜ್ಜಿ ಏನೂ ಮಾತಾಡಲಿಲ್ಲ. ಸೆರಗು ಸರಿಮಾಡಿಕೊಂಡು ಬೆಂಚಿನ ಮೇಲೆ ಕೂತರು, ಅಷ್ಟೆ.

ಆ ಸಿಸ್ಟಮ್ ಪ್ರಾಬ್ಲಂ ನಾನೇ. ಅಲ್ಲಿ ನಿಂತು ಹೇಳೋ ಧೈರ್ಯ ಬರಲಿಲ್ಲ. ಇವತ್ತು ಹೇಳ್ತಾ ಇದ್ದೀನಿ.

‘ಅದಕ್ಕ ಹಸಿವು ಆಗೇತಿ’

ನಮ್ಮ ತಂಡದಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರಿದ್ದರು. ನಾವೆಲ್ಲ ಅಣ್ಣ ಅಂತ ಕರೀತಿದ್ವಿ. ಆ ವಾರ ಅವರು ಬಂದು ನನ್ನ ಪಕ್ಕ ಕುರ್ಚಿ ಹಾಕ್ಕೊಂಡು ಕೂತು ಲಾಗ್ ನೋಡಿದರು. ನಾನು ‘ಅಣ್ಣಾ, ಎರಡು ಡ್ರೈವ್ ನೋಡಾಯ್ತು, ಎರಡೂ ಸರಿ ಇಲ್ಲ’ ಅಂದೆ.

ಅವರು ನಕ್ಕರು. ‘ತಮ್ಮಾ, ಡ್ರೈವ್‌ಗೆ ಏನೂ ಆಗಿಲ್ಲ. ಅದಕ್ಕ ಹಸಿವು ಆಗೇತಿ. ಊಟ ಹಾಕೋದು ಬಿಟ್ಟು ಡಾಕ್ಟರ್ ಕಡೆ ಒಯ್ದ್ರ ಏನ್ ಉಪಯೋಗ?’

ಆಮೇಲೆ ಅವರು ಹೇಳಿಕೊಟ್ಟ ಕ್ರಮವನ್ನ ನಾನು ಇವತ್ತಿಗೂ ಬಿಟ್ಟಿಲ್ಲ. ಡೇಟಾ ಸರ್ವರ್‌ನ ಡಿಸ್ಕ್‌ನಿಂದ ಹೊರಟು, ನೆಟ್‌ವರ್ಕ್ ದಾಟಿ, ಬ್ಯಾಕಪ್ ಸರ್ವರ್‌ಗೆ ಬಂದು ಟೇಪ್ ಸೇರುತ್ತೆ. ದಾರಿಯ ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಊಹೆ ಮಾಡಬಾರದು.

ಮೊದಲನೇದು, ಡ್ರೈವ್ ಒಂದನ್ನೇ ಅಳೆಯೋದು. ಬ್ಯಾಕಪ್ ಸರ್ವರ್‌ನ ರ‍್ಯಾಮ್‌ನಲ್ಲಿ ಗೊತ್ತುಗುರಿ ಇಲ್ಲದ ಡೇಟಾದ ದೊಡ್ಡ ಫೈಲ್ ಮಾಡಿ, ಅದನ್ನ ನೇರವಾಗಿ ಟೇಪಿಗೆ ಬರೆದ್ವಿ. ಇಲ್ಲಿ ಒಂದು ಎಚ್ಚರಿಕೆ. ಬರೀ ಸೊನ್ನೆಗಳ ಫೈಲ್ ಬರೆದು ಪರೀಕ್ಷೆ ಮಾಡಬೇಡಿ. ಡ್ರೈವ್ ಒಳಗೇ ಕಂಪ್ರೆಷನ್ ಇರುತ್ತೆ, ಸೊನ್ನೆಗಳನ್ನ ಅದು ಹಿಂಡಿ ಚಿಟಿಕೆಯಷ್ಟು ಮಾಡಿಬಿಡುತ್ತೆ. ಬರೋ ವೇಗ ನೋಡಿ ಖುಷಿಪಡಬಹುದು, ಆದರೆ ಅದು ಸುಳ್ಳು. ನಮ್ಮ ಪರೀಕ್ಷೆಯಲ್ಲಿ ಬಂದದ್ದು 350ರ ಮೇಲೆ. ಡ್ರೈವ್ ಗಟ್ಟಿಮುಟ್ಟಾಗಿತ್ತು. ಹಳೇ ಡ್ರೈವೂ ಹಾಗೇ ಇದ್ದಿರಬೇಕು.

ಎರಡನೇದು, ಸರ್ವರ್‌ನಿಂದ ಓದೋ ವೇಗ. ಲಿನಕ್ಸ್‌ನಲ್ಲಿ ಟಾರ್ ಕಮಾಂಡ್‌ನಿಂದ ಎಲ್ಲ ಫೈಲ್ ಓದಿಸಿ, ಡೆವ್ ನಲ್ ಅನ್ನೋ ಕಸದ ಬುಟ್ಟಿಗೆ ಹಾಕಿ ಎಷ್ಟು ಹೊತ್ತು ಹಿಡೀತು ಅಂತ ನೋಡೋದು. ನಾನು ಮಾಡಿದಾಗ ಕಣ್ಣು ಮಿಟುಕಿಸೋದರಲ್ಲಿ ಮುಗೀತು! ‘ನೋಡಿ ಅಣ್ಣಾ, ಓದೋದು ಎಷ್ಟು ಫಾಸ್ಟ್ ಇದೆ’ ಅಂದೆ. ಅವರು ತಲೆ ಅಲ್ಲಾಡಿಸಿದರು. ಜಿಎನ್‌ಯು ಟಾರ್ ಬಲು ಚಾಲಾಕು. ಬರೆಯೋದು ಡೆವ್ ನಲ್‌ಗೆ ಅಂತ ಗೊತ್ತಾದ್ರೆ ಫೈಲ್ ಒಳಗಿನ ಡೇಟಾನ ಓದೋದೇ ಇಲ್ಲ, ಬರೀ ಹೆಸರು ಎಣಿಸಿ ಮುಗಿಸುತ್ತೆ. ನಡುವೆ ಕ್ಯಾಟ್ ಕಮಾಂಡ್‌ಗೆ ಪೈಪ್ ಮಾಡಿದರೆ ಮಾತ್ರ ನಿಜವಾಗಿ ಓದುತ್ತೆ. ಹಾಗೆ ಮಾಡಿದಾಗ ಸತ್ಯ ಹೊರಗೆ ಬಂತು. ಮೂರು ಸರ್ವರ್ 180ರ ಆಸುಪಾಸು. ಸ್ಕ್ಯಾನ್ ಚಿತ್ರಗಳ ಸರ್ವರ್ ಮಾತ್ರ 45. ಕಾರಣ ಏನಂದ್ರೆ ಅದರಲ್ಲಿದ್ದದ್ದು ಲಕ್ಷಗಟ್ಟಲೆ ಪುಟ್ಟ ಪುಟ್ಟ ಫೈಲುಗಳು. ಒಂದು ಮೂಟೆ ಅಕ್ಕಿ ಹೊರೋದಕ್ಕೂ ಅದನ್ನೇ ಒಂದೊಂದು ಹಿಡಿ ಮಾಡಿ ಸಾಗಿಸೋದಕ್ಕೂ ಇರೋ ವ್ಯತ್ಯಾಸ ಅದು.

ಮೂರನೇದು, ನೆಟ್‌ವರ್ಕ್. ಐಪರ್ಫ್ ಅನ್ನೋ ಟೂಲ್‌ನಿಂದ ಅಳೆದ್ವಿ. ಎಲ್ಲ ಕಡೆ ಒಂದು ಗಿಗಾಬಿಟ್ ಲಿಂಕ್. ಹೆಸರು ದೊಡ್ಡದು, ಆದರೆ ಗಿಗಾಬಿಟ್ ಅಂದ್ರೆ ಬಿಟ್ ಲೆಕ್ಕ. 8ರಿಂದ ಭಾಗಿಸಿ: 125 ಎಂಬಿ. ಕೈಗೆ ಸಿಗೋದು 110, 115. ಅಂದ್ರೆ ಎಲ್ಲವೂ ಸರಿ ಇದ್ದರೂ ಆ ಒಂದು ತಂತಿಯಿಂದ ಬರೋದು ಡ್ರೈವ್‌ನ ಕನಿಷ್ಠ ಮಿತಿಯಾದ 112ರ ಅಂಚಿನಷ್ಟೇ!

ನಾಲ್ಕನೇದು ನನ್ನದೇ ಕಾಣಿಕೆ. ಟೇಪ್ ಉಳಿಸೋಣ ಅಂತ ನಾನು ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಜಿಜಿಪ್ ಕಂಪ್ರೆಷನ್ ಆನ್ ಮಾಡಿಟ್ಟಿದ್ದೆ. ಅದು ಪ್ರತಿ ಸರ್ವರ್‌ನಲ್ಲೂ ಸಿಪಿಯುನ ಒಂದೇ ಕೋರ್ ಮೇಲೆ ಓಡ್ತಿತ್ತು. ಒಂದು ಕೋರ್‌ನಲ್ಲಿ ಜಿಜಿಪ್ ಸೆಕೆಂಡಿಗೆ ಕೆಲವು ಹತ್ತು ಎಂಬಿಯಷ್ಟೇ ಹಿಂಡೋದು. ಆ 60ರ ಗುಟ್ಟು ಇದೇ! ಅದೂ ಎಂಥ ಡೇಟಾ ಮೇಲೆ? ಆ ಚಿತ್ರಗಳಲ್ಲಿ ಹೆಚ್ಚಿನವು ಮೊದಲೇ ಕಂಪ್ರೆಸ್ ಆಗಿದ್ದವು. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಮತ್ತೆ ಗಾಣಕ್ಕೆ ಕೊಟ್ಟ ಹಾಗೆ. ಡ್ರೈವ್ ಒಳಗೆ ಪುಕ್ಕಟೆಯಾಗಿ, ಪೂರ್ಣ ವೇಗದಲ್ಲಿ ಕೆಲಸ ಮಾಡೋ ಕಂಪ್ರೆಷನ್ ಇರುವಾಗ ನಾನು ಮಾಡಿದ್ದು ಅದು.

ಸಂಪು ಮತ್ತು ಮೋಟರ್

ಪರಿಹಾರ ಹೇಳೋ ಮೊದಲು ಅಣ್ಣ ಒಂದು ಪ್ರಶ್ನೆ ಕೇಳಿದರು. ‘ನಿಮ್ಮ ಮನ್ಯಾಗ ಕಾವೇರಿ ನೀರು ಹೆಂಗ ಬರ್ತೇತಿ?’

ಬೆಂಗಳೂರಿನಲ್ಲಿರೋರಿಗೆ ಗೊತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತೆ. ಅದನ್ನ ನೇರ ಮೋಟರ್‌ಗೆ ಕೊಡ್ತೀವಾ? ಕೊಟ್ಟರೆ ಮೋಟರ್ ಒಣಗಿ ಓಡಿ ಸುಟ್ಟುಹೋಗುತ್ತೆ. ಮೊದಲು ನೆಲದಡಿಯ ಸಂಪಿಗೆ ಬಿಡ್ತೀವಿ. ಸಂಪು ತುಂಬಿದ ಮೇಲೆ ಮೋಟರ್ ಹಾಕಿದರೆ ಒಂದೇ ಓಟದಲ್ಲಿ ಮೇಲಿನ ಟ್ಯಾಂಕ್ ತುಂಬುತ್ತೆ.

ಟೇಪ್ ಡ್ರೈವ್ ಆ ಮೋಟರ್. ಅದಕ್ಕೊಂದು ಸಂಪು ಬೇಕು. ಬ್ಯಾಕಪ್ ಸಾಫ್ಟ್‌ವೇರ್‌ನ ಭಾಷೆಯಲ್ಲಿ ಅದಕ್ಕೆ ಸ್ಪೂಲಿಂಗ್ ಅಂತಾರೆ. ಬಕ್ಯುಲಾ ಅನ್ನೋ ಉಚಿತ, ಮುಕ್ತ ಸಾಫ್ಟ್‌ವೇರ್‌ನಲ್ಲಿ ‘ಸ್ಪೂಲ್ ಡೇಟಾ’ ಅಂತಲೇ ಒಂದು ಸೆಟ್ಟಿಂಗ್ ಇದೆ. ಡೇಟಾ ಮೊದಲು ಬ್ಯಾಕಪ್ ಸರ್ವರ್‌ನ ಡಿಸ್ಕ್‌ಗೆ ತನ್ನ ಪಾಡಿಗೆ ಬಂದು ಸೇರುತ್ತೆ. ನಿಗದಿ ಮಾಡಿದಷ್ಟು ತುಂಬಿದ ಮೇಲೆ ಒಂದೇ ಉಸಿರಿಗೆ ಟೇಪಿಗೆ ಹೋಗುತ್ತೆ.

ಆದರೆ ಸಂಪು ಯಾವುದರದ್ದು ಅನ್ನೋದು ಮುಖ್ಯ. ಒಂದು ಸಾಮಾನ್ಯ ಹಾರ್ಡ್ ಡಿಸ್ಕ್ ಇಟ್ಟರೆ ಆಗಲ್ಲ. ಒಂದು ಕಡೆಯಿಂದ ಡೇಟಾ ಬರೀತಾ, ಅದೇ ಹೊತ್ತಿಗೆ ಇನ್ನೊಂದು ಕಡೆ ಸೆಕೆಂಡಿಗೆ 360 ಎಂಬಿ ಓದಿ ಕೊಡೋದು ಅದರ ಕೈಲಿ ಆಗೋ ಕೆಲಸ ಅಲ್ಲ. ನಾವು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದ್ವಿ. ಒಂದೊಂದು ಕೆಲಸಕ್ಕೆ 200 ಜಿಬಿ ಜಾಗ ಕೊಟ್ವಿ. ಆಗ ಡ್ರೈವ್ ಪ್ರತಿ ಸಲ ಹತ್ತು ನಿಮಿಷ ನಿಲ್ಲದೆ ಓಡುತ್ತೆ, ಆಮೇಲೆ ಒಮ್ಮೆ ನಿಲ್ಲುತ್ತೆ. ಕೆಲವು ಸೆಕೆಂಡಿಗೊಮ್ಮೆ ನಿಲ್ಲೋದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಎರಡನೇ ಬದಲಾವಣೆ: ಸರ್ವರ್‌ಗಳು ಸರದಿ ಕಾಯೋದನ್ನ ನಿಲ್ಲಿಸಿ, ಒಟ್ಟೊಟ್ಟಿಗೆ ಸ್ಪೂಲ್‌ಗೆ ಬರೆಯೋ ಹಾಗೆ ಮಾಡಿದ್ವಿ. ಬ್ಯಾಕಪ್ ಸರ್ವರ್‌ಗೆ 10 ಗಿಗಾಬಿಟ್ ಲಿಂಕ್ ಕೊಟ್ವಿ. ಮೂರು ಸರ್ವರ್‌ನಿಂದ ನೂರು ನೂರು ಬಂದರೂ ಒಟ್ಟು 300. ಸ್ಕ್ಯಾನ್ ಚಿತ್ರಗಳ ಸರ್ವರ್ ಅನ್ನ ಎರಡು ಭಾಗ ಮಾಡಿ, ಸಾಲಿನ ಕೊನೆಯಿಂದ ತೆಗೆದು ಎಲ್ಲರಿಗಿಂತ ಮೊದಲು ಶುರು ಮಾಡಿಸಿದ್ವಿ. ನಿಧಾನ ನಡೆಯೋರು ಬೇಗ ಹೊರಡಬೇಕು, ಅಲ್ವಾ?

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಸ್ಪೂಲ್ ಇಲ್ಲದೆ, ಹಲವು ಸರ್ವರ್‌ಗಳ ಡೇಟಾವನ್ನ ಒಂದೇ ಟೇಪಿನಲ್ಲಿ ಹೆಣೆದು ಬರೆಯೋ ದಾರಿ ಇದೆ. ಮಲ್ಟಿಪ್ಲೆಕ್ಸಿಂಗ್ ಅಂತಾರೆ. ಬರೆಯೋವಾಗ ಚೆನ್ನಾಗಿರುತ್ತೆ. ಆದರೆ ನಾಳೆ ಒಂದೇ ಸರ್ವರ್ ವಾಪಸ್ ಬೇಕು ಅಂದಾಗ, ಹೆಣೆದ ಜಡೆಯಿಂದ ಒಂದೇ ಎಳೆ ಬಿಡಿಸಬೇಕು. ಆ ಹೊತ್ತಿಗೆ ತಾಳ್ಮೆ ಯಾರಿಗಿರುತ್ತೆ? ಸ್ಪೂಲಿಂಗ್‌ನಲ್ಲಿ ಒಬ್ಬೊಬ್ಬರ ಡೇಟಾ ದೊಡ್ಡ ದೊಡ್ಡ ಗಂಟಾಗಿ ಟೇಪ್ ಸೇರುತ್ತೆ, ಆ ತೊಂದರೆ ಕಡಿಮೆ.

ಮೂರನೇದು, ಜಿಜಿಪ್ ಆಫ್. ಎನ್‌ಕ್ರಿಪ್ಷನ್ ಬಳಸೋರಿಗೂ ಇಲ್ಲೊಂದು ಮಾತು. ಸಾಫ್ಟ್‌ವೇರ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಕಳಿಸಿದರೆ ಡ್ರೈವ್‌ಗೆ ಕಂಪ್ರೆಸ್ ಮಾಡೋಕೆ ಏನೂ ಉಳಿಯಲ್ಲ. ಎಲ್‌ಟಿಒ-4ರಿಂದ ಈಚೆಗೆ ಡ್ರೈವ್‌ಗಳಲ್ಲೇ ಎನ್‌ಕ್ರಿಪ್ಷನ್ ಸೌಲಭ್ಯ ಇದೆ. ಅದು ಮೊದಲು ಹಿಂಡಿ, ಆಮೇಲೆ ಬೀಗ ಹಾಕುತ್ತೆ. ಕೀಲಿಯನ್ನ ಮಾತ್ರ ಜೋಪಾನವಾಗಿ, ಬೇರೆ ಕಡೆ ಇಡಬೇಕು.

ನಾಲ್ಕನೇದು, ತುತ್ತಿನ ಗಾತ್ರ. ಸಾಫ್ಟ್‌ವೇರ್ ಟೇಪಿಗೆ ಡೇಟಾವನ್ನ ಬ್ಲಾಕ್‌ಗಳಾಗಿ ಕೊಡುತ್ತೆ. ಬಕ್ಯುಲಾದಲ್ಲಿ ಮೊದಲಿಂದ ಇರೋ ಗಾತ್ರ 64,512 ಬೈಟ್. ಇಷ್ಟು ವೇಗದ ಡ್ರೈವ್‌ಗೆ ಅದು ಚಿಕ್ಕ ತುತ್ತು. 256 ಕೆಬಿ ಅಥವಾ ಇನ್ನೂ ದೊಡ್ಡದು ಮಾಡಬಹುದು. ಹಾಗೇ, ಪ್ರತಿ 1 ಜಿಬಿಗೊಮ್ಮೆ ಟೇಪಿನ ಮೇಲೆ ಒಂದು ಗುರುತು ಹಾಕೋ ಸೆಟ್ಟಿಂಗ್ ಇರುತ್ತೆ. 300ರ ವೇಗದಲ್ಲಿ 1 ಜಿಬಿ ಅಂದ್ರೆ ಮೂರೇ ಸೆಕೆಂಡು. ಮೂರು ಸೆಕೆಂಡಿಗೊಮ್ಮೆ ಡ್ರೈವ್ ಕೈಯಲ್ಲಿರೋದನ್ನೆಲ್ಲ ಬರೆದು ಮುಗಿಸಿ ಗುರುತು ಹಾಕಬೇಕು. ಅದನ್ನ 10, 16 ಜಿಬಿಗೆ ಏರಿಸಿದರೆ ಓಟ ಸರಾಗ. ಆದರೆ ಬ್ಲಾಕ್ ಗಾತ್ರ ಬದಲಾಯಿಸಿದ ಮೇಲೆ ಹಳೇ ಟೇಪ್‌ಗಳು ಓದೋಕೆ ಬರ್ತಾವಾ ಅಂತ ಕೂಡಲೇ ಪರೀಕ್ಷೆ ಮಾಡಲೇಬೇಕು. ವೇಗದ ಆಸೆಗೆ ಹಳೇ ಬ್ಯಾಕಪ್ ಕಳ್ಕೊಂಡರೆ ಅದಕ್ಕಿಂತ ದಡ್ಡತನ ಇಲ್ಲ.

ಡ್ರೈವ್ ಹಸಿದಿದೆಯಾ ಅಂತ ಲಾಗ್‌ನಲ್ಲೇ ಗೊತ್ತಾಗುತ್ತೆ. ಉದಾಹರಣೆಗೆ ನೆಟ್‌ಬ್ಯಾಕಪ್‌ನಲ್ಲಿ ಟೇಪಿಗೆ ಬರೆಯೋ ಭಾಗವು ‘ತುಂಬಿದ ಬಫರ್‌ಗಾಗಿ ಇಷ್ಟು ಸಲ ಕಾದೆ’ ಅಂತ ಬರೆದಿಡುತ್ತೆ. ಆ ಸಂಖ್ಯೆ ದೊಡ್ಡದಿದ್ದರೆ ಡೇಟಾ ಬರೋದು ನಿಧಾನ. ಅದಕ್ಕೆ ಬದಲಾಗಿ ಡೇಟಾ ತರೋ ಭಾಗ ‘ಖಾಲಿ ಬಫರ್‌ಗಾಗಿ ಕಾದೆ’ ಅಂದ್ರೆ ಆಗ ಟೇಪ್ ಕಡೆ ನೋಡಬೇಕು. ಯಾರು ಯಾರಿಗಾಗಿ ಕಾಯ್ತಾ ಇದ್ದಾರೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಇದೆಲ್ಲ ಮಾಡಿದ ಮೇಲಿನ ಶನಿವಾರ ರಾತ್ರಿ 10ಕ್ಕೆ ಶುರುವಾದ ಬ್ಯಾಕಪ್ ಭಾನುವಾರ ಬೆಳಿಗ್ಗೆ 9ಕ್ಕೆ ಮುಗೀತು. 42 ಗಂಟೆ ಬೇಕಿದ್ದ ಕೆಲಸ 11 ಗಂಟೆಗೆ. ಖರ್ಚಾಗಿದ್ದು ಒಂದು ಎಸ್‌ಎಸ್‌ಡಿ, ಒಂದು ನೆಟ್‌ವರ್ಕ್ ಕಾರ್ಡ್. ನಾನು ಹಠ ಮಾಡಿ ತರಿಸಿದ್ದ ಡ್ರೈವ್‌ನ ಬೆಲೆಯ ಮುಂದೆ ಅದು ಏನೂ ಅಲ್ಲ.

ಹಸಿರು ಬಣ್ಣ ನಂಬಬೇಡಿ

ನಾನು ಖುಷಿಯಿಂದ ಫೋನ್ ಮಾಡಿದೆ. ‘ಅಣ್ಣಾ, ಮುಗೀತು!’ ಅಂದೆ. ಅವರು ಕೇಳಿದ್ದು ಒಂದೇ ಮಾತು. ‘ವಾಪಸ್ ತಗದು ನೋಡಿದೇನು?’

ನೋಡಿರಲಿಲ್ಲ. ಆ ಭಾನುವಾರವೇ ಟೇಪ್‌ನಿಂದ ಒಂದಷ್ಟು ಫೋಲ್ಡರ್ ಬೇರೆ ಜಾಗಕ್ಕೆ ವಾಪಸ್ ತೆಗೆದು, ಒಂದೊಂದು ಫೈಲನ್ನೂ ಮೂಲದ ಜೊತೆ ಹೋಲಿಸಿದೆ. ಸರಿ ಇತ್ತು. ಅವತ್ತಿಂದ ತಿಂಗಳಿಗೊಮ್ಮೆ ಇದನ್ನ ಮಾಡೋದು ಅಭ್ಯಾಸ ಆಗಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡೋಕಾಗಲ್ಲ. ವರದಿಯಲ್ಲಿ ‘ಭಾಗಶಃ ಪೂರ್ಣ’ ಅನ್ನೋ ಪದ ಬರೆಯೋದನ್ನೂ ಬಿಟ್ಟಿದ್ದೀನಿ. ಬ್ಯಾಕಪ್ ಮುಗಿದಿರುತ್ತೆ, ಇಲ್ಲವೇ ಮುಗಿದಿರಲ್ಲ. ನಡುವೆ ಏನೂ ಇಲ್ಲ. ಆ ನಡುವಿನ ಜಾಗದಲ್ಲೇ ಹಿರಿಯೂರಿನ ಅಜ್ಜಿಯ ಸ್ಕ್ಯಾನ್ ಕಳೆದುಹೋಗಿದ್ದು.

‘ನಮ್ಮ ಹತ್ರ ಟೇಪ್ ಡ್ರೈವ್ ಎಲ್ಲಿದೆ ಸ್ವಾಮಿ, ಇರೋದು ಒಂದು ಫೋನ್’ ಅಂತ ನೀವು ಅನ್ನಬಹುದು. ನಿಜ. ಆದರೆ ಕಥೆ ಅದೇ. ಫೋನ್ ಕೈಯಲ್ಲೇ ಇದೆಯಲ್ಲ, ಈಗಲೇ ಸೆಟ್ಟಿಂಗ್ಸ್ ತೆರೆದು ಕೊನೆಯ ಬ್ಯಾಕಪ್ ಯಾವ ದಿನ ಪೂರ್ತಿ ಆಗಿದೆ ಅಂತ ನೋಡಿ. ವೈಫೈ ಸಿಕ್ಕಿಲ್ಲ ಅಂತಲೋ, ಸ್ಟೋರೇಜ್ ತುಂಬಿದೆ ಅಂತಲೋ ಅದು ತಿಂಗಳ ಹಿಂದೆಯೇ ನಿಂತಿರಬಹುದು, ನಿಮಗೆ ಗೊತ್ತೇ ಆಗಿರಲ್ಲ. ಆಮೇಲೆ ಒಂದೇ ಒಂದು ಫೋಟೊ, ಅಮ್ಮನದ್ದೋ ಊರಿನ ಜಾತ್ರೆಯದ್ದೋ, ಬ್ಯಾಕಪ್‌ನಿಂದ ಬೇರೆ ಕಡೆ ಇಳಿಸಿಕೊಂಡು ತೆರೆದು ನೋಡಿ. ತೆರೆದುಕೊಂಡರೆ ನಿಮಗೆ ಬ್ಯಾಕಪ್ ಇದೆ ಅಂತ ಅರ್ಥ.

ಈ ಕ್ಷೇತ್ರಕ್ಕೆ ಬರಬೇಕು ಅಂದ್ಕೊಂಡಿರೋ ಹುಡುಗ ಹುಡುಗಿಯರಿಗೆ ಇನ್ನೊಂದು ಮಾತು. ಯಾವುದಾದರೂ ಯಂತ್ರ ನಿಧಾನ ಅನ್ನಿಸಿದರೆ ಅದನ್ನ ಬೈಯೋ ಮೊದಲು, ಬದಲಾಯಿಸೋ ಮೊದಲು, ಅದಕ್ಕೆ ಊಟ ಸರಿಯಾಗಿ ಹೋಗ್ತಾ ಇದೆಯಾ ಅಂತ ಅಳೆದು ನೋಡಿ. ನಾನು ನೋಡಿರಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಕೊನೆಯ ಬ್ಯಾಕಪ್ ತಾರೀಖು ನೋಡಿ ಬೆಚ್ಚಿಬಿದ್ದಿದ್ದರೆ, ಈ ಸಂಚಿಕೆಯನ್ನ ನಿಮ್ಮ ಗೆಳೆಯರಿಗೂ ಕಳಿಸಿ, ಅವರೂ ನೋಡ್ಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.